ಅತ್ತೆಯ ಹೆಸರು ಎಲ್ಲಿದೆ?

ಕೇಳುಗರಿಗೆಲ್ಲ ನಮಸ್ಕಾರ. ಮನೆತನದ ಚರಿತ್ರೆ ಹುಡುಕುವುದು ಹೇಗೆ ಅಂತ ನಾಲ್ಕು ಮಾತು ಹೇಳಿ ಎಂದು ಬಾನುಲಿಯವರು ಕರೆದಿದ್ದಾರೆ. ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದೇ ನಿವೃತ್ತನಾದವನು ನಾನು. ಹಳೇ ಕಾಗದ ಕಂಡರೆ ಈಗಲೂ ಕೈ ಸುಮ್ಮನಿರುವುದಿಲ್ಲ. ನಾಲ್ಕು ಮಾತು ಅಂದರು, ನನ್ನ ಹತ್ತಿರ ಇರುವುದು ಒಂದೇ ಮಾತು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬರೆಯಿರಿ. ಮದುವೆಯಾಗಿ ಬಂದವರದ್ದೂ ಬರೆಯಿರಿ, ಮದುವೆಯಾಗಿ ಹೋದವರದ್ದೂ ಬರೆಯಿರಿ.

ಅದೇನು ಮಹಾ ಅನ್ನಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಬರೆದಿಟ್ಟ ವಂಶವೃಕ್ಷ ಇದ್ದರೆ ತೆಗೆದು ನೋಡಿ. ಗಣಪತಿ, ಗಣಪತಿಯ ಮಗ ಮಂಜುನಾಥ, ಮಂಜುನಾಥನ ಮಗ ಮತ್ತೆ ಗಣಪತಿ. ಗಂಡಸರ ಹೊಟ್ಟೆಯಲ್ಲೇ ಗಂಡಸರು ಹುಟ್ಟಿದ ಹಾಗಿದೆ ಅಲ್ವಾ?

ನನ್ನ ಹತ್ತಿರ ಬರುವವರು ಮೊದಲು ಕೇಳುವುದು ಮೂಲಪುರುಷನ ವಿಷಯ. "ನಮ್ಮ ಹಿರಿಯರು ಸೋದೆ ಅರಸರ ಹತ್ತಿರ ದಿವಾನರಾಗಿದ್ದರಂತೆ ಸರ್." ಶಿರಸಿ ಹತ್ತಿರದ ಆ ಸೋದೆ ಸಂಸ್ಥಾನ ಹೈದರಾಲಿಯ ಕೈಗೆ ಹೋಗಿದ್ದೇ 1760ರ ದಶಕದಲ್ಲಿ. ಇಲ್ಲಿಯವರೆಗೆ ನನಗೆ ಹನ್ನೊಂದು ದಿವಾನರ ಮನೆಯವರು ಸಿಕ್ಕಿದ್ದಾರೆ. ತೋಟದಲ್ಲಿ ಅಡಿಕೆ ಕೊನೆ ಕೊಯ್ದವರ ಮನೆಯವರು ಒಬ್ಬರೂ ಸಿಕ್ಕಿಲ್ಲ. ದಿವಾನರನ್ನು ಬಿಡಿ ಮಾರಾಯರೇ, ನಿಮ್ಮ ಅಜ್ಜಿಯ ತವರುಮನೆ ಯಾವ ಊರು ಹೇಳಿ ಅಂದರೆ ತಲೆ ಕೆರೆದುಕೊಳ್ಳುತ್ತಾರೆ.

ನಾನೂ ಹಾಗೇ ಇದ್ದವನು. ನಮ್ಮದು ಶಿರಸಿ ಕಡೆಯ ಹಳ್ಳಿ. ಹಳೇ ಪಹಣಿ, ಹಕ್ಕು ಬದಲಾವಣೆಯ ಪುಸ್ತಕ ಎಲ್ಲ ನೋಡಿ ಆರು ತಲೆಮಾರಿನ ವಂಶವೃಕ್ಷ ಮಾಡಿದ್ದೆ. ಒಂದೇ ಒಂದು ಕಡೆ ಗಂಟು. ಮೂವತ್ತರ ದಶಕದಲ್ಲಿ ನಮ್ಮ ಎರಡು ಎಕರೆ ಅಡಿಕೆ ತೋಟ ಯಾರೋ ಒಬ್ಬ ಭಟ್ಟರ ಖಾತೆಗೆ ಹೋಗಿತ್ತು. ನಾವು ಹೆಗಡೆಯವರು, ಈ ಭಟ್ಟ ಯಾರು? ಕೊಂಡವನೇ ಇರಬೇಕು ಅಂದುಕೊಂಡೆ. ಮೂರು ವರ್ಷ ಹುಡುಕಿದರೂ ಖರೀದಿ ಪತ್ರ ಸಿಗಲಿಲ್ಲ.

ಚಿಕ್ಕಪ್ಪನ ಮನೆಯಲ್ಲಿ ಮೊಮ್ಮಗನ ಉಪನಯನ ಬಂತು. ನೆಂಟರೆಲ್ಲ ಸೇರುತ್ತಾರೆ, ತೋರಿಸೋಣ ಅಂತ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿ ಜೋಡಿಸಿ, ವಂಶವೃಕ್ಷ ಬರೆದು ಜಗಲಿಯ ಗೋಡೆಗೆ ಅಂಟಿಸಿದೆ. ಗಂಡಸರು ಬಂದರು, ತಮ್ಮ ತಮ್ಮ ಹೆಸರು ನೋಡಿಕೊಂಡರು, ಚೊಲೋ ಆಯಿತು ಅಂದರು, ಊಟದ ಪಂಕ್ತಿಗೆ ಹೋದರು. ಎಲ್ಲರ ಹಿಂದೆ ಬಂದದ್ದು ನಮ್ಮ ದೊಡ್ಡತ್ತೆ. ಎಂಬತ್ತು ದಾಟಿತ್ತು, ಕುಮಟೆ ಕಡೆ ಕೊಟ್ಟದ್ದು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಎಲೆಯಡಿಕೆ ಕವಳದ ಸುಣ್ಣ ಹತ್ತಿದ ಬೆರಳನ್ನು ಹಾಳೆಯ ಮೇಲಿಟ್ಟು ಮೇಲಿನಿಂದ ಕೆಳಗೆ ಬಂದರು. ಮತ್ತೆ ಕೆಳಗಿನಿಂದ ಮೇಲೆ ಹೋದರು. ಕೊನೆಗೆ ನನ್ನ ಕಡೆ ತಿರುಗಿ, "ತಮಾ, ಯನ್ನ ಹೆಸ್ರು ಎಲ್ಲಿದ್ದು?" ಅಂದರು.

ಅದೇ ಮನೆಯಲ್ಲಿ ಹುಟ್ಟಿದವರು. ಅದೇ ಜಗಲಿಯಲ್ಲಿ ಅಂಬೆಗಾಲು ಇಟ್ಟವರು. ನಾನು ಏನು ಹೇಳಲಿ?

ಅವರೇನೂ ಸಿಟ್ಟು ಮಾಡಲಿಲ್ಲ. ಜಗಲಿಯ ತುದಿಗೆ ಕೂತು ಕವಳ ಹಾಕಿದರು. ಬರ್ಕೋ ಅಂದರು. ನಮ್ಮ ಅಜ್ಜನಿಗೆ ಇಬ್ಬರು ತಂಗಿಯರು ಇದ್ದರು ಅಂತ ನನಗೆ ಗೊತ್ತಾಗಿದ್ದೇ ಆವತ್ತು. ಒಬ್ಬಳನ್ನು ಯಲ್ಲಾಪುರ ಕಡೆ ಕೊಟ್ಟದ್ದು. ಜ್ವರದ ವರ್ಷ ಗಂಡ ಹೆಂಡತಿ ಇಬ್ಬರೂ ಹೋದರು. ಎರಡು ವರ್ಷದ ಮಗುವನ್ನು ಅಜ್ಜ ಇಲ್ಲಿಗೆ ತಂದು ಸಾಕಿದರು. ಹುಡುಗ ದೊಡ್ಡವನಾದ ಮೇಲೆ ಎರಡು ಎಕರೆ ತೋಟ ಬರೆದುಕೊಟ್ಟರು. ಅವನು ಅದನ್ನು ಮಾರಿ, ಕಾರವಾರದಲ್ಲಿ ಆಗಬೋಟು ಹತ್ತಿ ಮುಂಬೈಗೆ ಹೋದವನು ತಿರುಗಿ ಬರಲಿಲ್ಲ. ನನ್ನ ಭಟ್ಟ ಅವನೇ! ನಾನು ಮೂರು ವರ್ಷ ಹುಡುಕಿದ್ದನ್ನು ಅತ್ತೆ ಒಂದು ಕವಳ ಮುಗಿಯುವುದರೊಳಗೆ ಹೇಳಿದರು.

ಹುಡುಗ ಹುಟ್ಟಿದ್ದು ನಳ ಸಂವತ್ಸರ ಅಂದರು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆ ಲೆಕ್ಕದಲ್ಲಿ ನಳ ಅಂದರೆ 1916. ಎರಡು ವರ್ಷ ಸೇರಿಸಿ, 1918. ದೇಶಕ್ಕೆ ದೇಶವೇ ಇನ್‌ಫ್ಲುಯೆಂಜಾ ಜ್ವರದಲ್ಲಿ ಮಲಗಿದ ವರ್ಷ ಅದು. ಶಾಲೆಯ ದಾಖಲೆಗಿಂತ ಈ ಲೆಕ್ಕ ವಾಸಿ. ಶಾಲೆಯಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೆ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಹೆಂಗಸರ ಹೆಸರು ಎಲ್ಲಿ ಸಿಗುತ್ತದೆ? ಶ್ರಾದ್ಧ ಮಾಡುವ ಮನೆಯಾದರೆ ಪುರೋಹಿತರನ್ನು ಕೇಳಿ. ಮಹಾಲಯದಲ್ಲಿ ಅಜ್ಜಿ, ಮುತ್ತಜ್ಜಿ, ಸೋದರತ್ತೆ, ಅಕ್ಕ ತಂಗಿ ಎಲ್ಲರ ಹೆಸರೂ ಹೇಳಬೇಕು. ಕ್ರೈಸ್ತ ಬಾಂಧವರು ಚರ್ಚಿನ ಜ್ಞಾನಸ್ನಾನದ ಪುಸ್ತಕ ನೋಡಿ, ಅದರಲ್ಲಿ ತಾಯಿಯ ಹೆಸರೂ ಬರೆದಿರುತ್ತದೆ. ಕೊಂಕಣಿಗರ ಮನೆಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುವ ಪದ್ಧತಿ ಇತ್ತು. ಹಾಗಾಗಿ ಎರಡೂ ಹೆಸರು ಬರೆಯಿರಿ, ಇಲ್ಲದಿದ್ದರೆ ಒಬ್ಬಳೇ ಅಜ್ಜಿ ಇಬ್ಬರಾಗುತ್ತಾಳೆ. ಸರ್ಕಾರಿ ಕಾಗದವೇ ಬೇಕು ಅನ್ನುವವರಿಗೆ ಒಂದು ಮಾತು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರವರೆಗೆ ಮದ್ರಾಸಿಗೆ, ಆಮೇಲೆ 1956ರವರೆಗೆ ಮುಂಬೈಗೆ ಸೇರಿತ್ತು. ಅಜ್ಜ ಕೂತಲ್ಲಿಂದ ಏಳದಿದ್ದರೂ ಅವರ ಕಾಗದ ಊರೂರು ಸುತ್ತಿದೆ. ಅಲ್ಲೆಲ್ಲ ಹೋಗುವ ಮೊದಲು ಅತ್ತೆಯ ಮನೆಗೆ ಹೋಗಿ ಬನ್ನಿ, ಬಸ್ ಚಾರ್ಜೂ ಕಡಿಮೆ.

ನೆಂಟರನ್ನು ಈ ಹುಚ್ಚಿಗೆ ಹಚ್ಚುವುದು ಹೇಗೆ ಅಂತಲೂ ಕೇಳಿದ್ದಾರೆ. ಪಟ್ಟಿ ಹಿಡಿದು ಪ್ರಶ್ನೆ ಕೇಳಬೇಡಿ, ಜನಗಣತಿಯವರು ಬಂದ ಹಾಗಾಗುತ್ತದೆ. ಅರ್ಧಂಬರ್ಧ ಬರೆದ ವಂಶವೃಕ್ಷವನ್ನೇ ಗೋಡೆಗೆ ಹಚ್ಚಿ, ಪಕ್ಕದಲ್ಲಿ ಒಂದು ಪೆನ್ಸಿಲ್ ಕಟ್ಟಿ. ಹೇಳು ಅಂದರೆ ಬಾಯಿ ಬಿಡದವರು ತಪ್ಪು ಕಂಡರೆ ಓಡಿ ಬರುತ್ತಾರೆ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡಿ, ಇದು ಆಸ್ತಿ ಪಾಲಿಗಲ್ಲ ಅಂತ. 2005ರ ಕಾಯಿದೆ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದ ಮೇಲೆ, ಅಕ್ಕ ತಂಗಿಯರ ಹೆಸರು ಕೇಳಿದರೆ ಕೆಲವು ಅಣ್ಣಂದಿರ ಮುಖ ಸಣ್ಣದಾಗುತ್ತದೆ. ಆಗಲಿ ಬಿಡಿ. ನೀವು ಬರೆಯಿರಿ.

ನನ್ನ ಆ ಕ್ಯಾಲೆಂಡರ್ ಹಾಳೆ ಈಗಲೂ ಇದೆ. ದೊಡ್ಡತ್ತೆಯ ಬೆರಳಿನ ಸುಣ್ಣದ ಗುರುತೂ ಇದೆ, ಅದರ ಪಕ್ಕದಲ್ಲೇ ಅವರ ಹೆಸರು ಬರೆದಿದ್ದೇನೆ. ನಿಮ್ಮ ಅತ್ತೆಗೆ ಇವತ್ತೇ ಫೋನ್ ಮಾಡಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೇಡ, ಮಲಗಿರುತ್ತಾರೆ. ನಮಸ್ಕಾರ.