ಕುಸ್ಟೋಸ್: ಕಾಯುವವನನ್ನು ಕಾಯೋಕೆ ಎದುರಾಳಿಯೇ ಸರಿ

ನಮಸ್ಕಾರ. ಇವತ್ತು ಒಂದು ಲ್ಯಾಟಿನ್ ಪದದ ಹಿಂದೆ ಬಿದ್ದಿದ್ದೇನೆ. ಓಡಿಹೋಗಬೇಡಿ, ವ್ಯಾಕರಣದ ಪಾಠ ಅಲ್ಲ. ಈ ಪದದಿಂದ ಹುಟ್ಟಿದ ಮಾತು ದಿನಾ ನಮ್ಮ ಕಿವಿಗೆ ಬೀಳುತ್ತದೆ. ರಾತ್ರಿ ಒಂಬತ್ತರ ವಾರ್ತೆ ಹಾಕಿ ನೋಡಿ. ಆರೋಪಿ ಪೊಲೀಸ್ ಕಸ್ಟಡಿಗೆ ಅಂತಾರೆ. ಅದೇ ವಾರ್ತೆಯಲ್ಲಿ ಇನ್ಯಾವುದೋ ಡೈವೋರ್ಸ್ ಕೇಸು, ಮಗುವಿನ ಕಸ್ಟಡಿ ತಾಯಿಗೆ ಅಂತಾರೆ. ಕಳ್ಳನಿಗೂ ಕಸ್ಟಡಿ, ಮಗುವಿಗೂ ಕಸ್ಟಡಿ. ಒಬ್ಬನನ್ನು ಹೊರಗೆ ಬಿಡಬಾರದು, ಇನ್ನೊಬ್ಬರನ್ನು ಜೋಪಾನ ಮಾಡಬೇಕು. ಎರಡಕ್ಕೂ ಒಂದೇ ಪದ ಹೇಗೆ ಸಾಕಾಯ್ತು?

ಮೂಲ ಪದ ಕುಸ್ಟೋಸ್. ಕಾಯುವವನು ಅಂತ ಅರ್ಥ. ಅವನ ಕೆಲಸ ಕುಸ್ಟೋಡಿಯಾ. ಗೊಂದಲ ನಮ್ಮ ಕೋರ್ಟುಗಳಲ್ಲಿ ಹುಟ್ಟಿದ್ದಲ್ಲ, ರೋಮನ್ನರ ಕಾಲದಲ್ಲೇ ಇತ್ತು. ಅವರಿಗೂ ಕುಸ್ಟೋಡಿಯಾ ಅಂದರೆ ಕಾವಲು, ಕುಸ್ಟೋಡಿಯಾ ಅಂದರೆ ಸೆರೆ. ಪದದ ಬೇರು ಎಲ್ಲಿದೆ ಅನ್ನೋದರಲ್ಲಿ ಭಾಷಾ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಬಚ್ಚಿಡು, ಮುಚ್ಚಿಡು ಅನ್ನುವ ಅರ್ಥದ ಒಂದು ಬಹಳ ಹಳೇ ಧಾತುವಿನಿಂದ ಬಂದದ್ದು ಅನ್ನೋದು ಒಂದು ವಾದ. ಆ ಲೆಕ್ಕದಲ್ಲಿ ಇಂಗ್ಲಿಷಿನ ಹೋರ್ಡ್, ಅಂದರೆ ಕೂಡಿಟ್ಟ ಗಂಟು, ಇದಕ್ಕೆ ನೆಂಟ. ನನಗಂತೂ ಈ ವಾದ ಇಷ್ಟ. ಮೊದಲು ಗಂಟು, ಆಮೇಲೆ ಗಂಟಿನ ಮೇಲೆ ಕೂತವನು.

ರೋಮಿನಲ್ಲಿ ಎಲ್ಲಿ ನೋಡಿದರೂ ಕುಸ್ಟೋಸ್‌ಗಳೇ. ಬಾಗಿಲು ಕಾಯುವವನು, ದನ ಕಾಯುವವನು, ಜೈಲು ಕಾಯುವವನು, ಎಲ್ಲರೂ. ದ್ರಾಕ್ಷಿ ತೋಟದಲ್ಲೂ ಒಬ್ಬ ಇದ್ದ. ಬಳ್ಳಿ ಸವರುವಾಗ ಕೆಳಗಡೆ ಎರಡು ಮೂರು ಕಣ್ಣಿರುವ ಒಂದು ಮೋಟು ಕಡ್ಡಿಯನ್ನು ಬೇಕಂತಲೇ ಬಿಡುತ್ತಿದ್ದರು. ಮೇಲಿನ ಬಳ್ಳಿ ಕೈಕೊಟ್ಟರೆ ಈ ಮೋಟಿನಿಂದ ಹೊಸದು ಎಬ್ಬಿಸಬಹುದು ಅಂತ. ಕೃಷಿ ಬಗ್ಗೆ ಬರೆದ ಕೊಲುಮೆಲ್ಲಾ ಅದನ್ನೂ ಕುಸ್ಟೋಸ್ ಅಂತಲೇ ಕರೆಯುತ್ತಾನೆ. ಇನ್ನು ಉಳ್ಳವರ ಮನೆ ಹುಡುಗರ ಬೆನ್ನಿಗೆ ಒಬ್ಬ ಕುಸ್ಟೋಸ್, ಸಾಮಾನ್ಯವಾಗಿ ಮನೆಯ ಗುಲಾಮ. ಕವಿ ಹೊರೇಸ್‌ನ ಅಪ್ಪ ಗುಲಾಮಗಿರಿಯಿಂದ ಬಿಡುಗಡೆಯಾಗಿ, ಹರಾಜಿನಲ್ಲಿ ದುಡ್ಡು ವಸೂಲಿ ಮಾಡುವ ಸಣ್ಣ ಕೆಲಸ ಮಾಡುತ್ತಿದ್ದವನು. ಆದರೂ ಮಗನನ್ನು ರೋಮಿಗೆ ಓದಿಸಲು ಕರೆದುಕೊಂಡು ಬಂದ. ಎಲ್ಲ ಮೇಷ್ಟ್ರುಗಳ ಹತ್ತಿರವೂ ತಾನೇ ಜೊತೆಗೆ ಹೋಗುತ್ತಿದ್ದ. ಅಪ್ಪನೇ ನನ್ನ ಕುಸ್ಟೋಸ್, ಚೂರೂ ಕೆಡದ ಕುಸ್ಟೋಸ್ ಅಂತ ಮಗ ನೆನೆಯುತ್ತಾನೆ. ಇದೇ ಹೊರೇಸ್ ಇನ್ನೊಂದು ಕಡೆ, ಮೀಸೆ ಬರದ ಹುಡುಗ ಕುಸ್ಟೋಸ್ ತೊಲಗಿದ ಕೂಡಲೇ ಕುದುರೆ, ನಾಯಿ ಅಂತ ಖುಷಿಪಡುತ್ತಾನೆ ಅಂತಲೂ ಬರೆದಿದ್ದಾನೆ. ಎರಡೂ ನಿಜ ತಾನೇ?

"ಚೂರೂ ಕೆಡದ" ಅಂತ ಒತ್ತಿ ಹೇಳಬೇಕಾಯ್ತು ನೋಡಿ. ಕೆಡೋದೇ ವಾಡಿಕೆ ಆಗಿತ್ತು ಅಂತಾಯ್ತಲ್ಲ.

ಈಗ ಎಲ್ಲರೂ ಉದುರಿಸುವ ಆ ಪ್ರಸಿದ್ಧ ಸಾಲಿಗೆ ಬರೋಣ. ಕ್ವಿಸ್ ಕುಸ್ಟೋಡಿಯೆಟ್ ಇಪ್ಸೋಸ್ ಕುಸ್ಟೋಡೆಸ್? ಕಾಯುವವರನ್ನೇ ಕಾಯುವವರು ಯಾರು? ಭ್ರಷ್ಟಾಚಾರದ ಬಗ್ಗೆ ಭಾಷಣ ಇರಲಿ, ಪೊಲೀಸರ ಬಗ್ಗೆ ಲೇಖನ ಇರಲಿ, ಈ ಸಾಲು ಬಂದೇ ಬರುತ್ತದೆ. ಯಾರೋ ದೊಡ್ಡ ರಾಜನೀತಿಜ್ಞ ಸೆನೆಟ್‌ನಲ್ಲಿ ನಿಂತು ಗುಡುಗಿದ ಹಾಗೆ ಕೇಳಿಸುತ್ತದೆ ಅಲ್ವಾ? ಅಂಥದ್ದೇನೂ ಇಲ್ಲ. ಇದು ಎರಡನೇ ಶತಮಾನದ ಆರಂಭದಲ್ಲಿ ರೋಮಿನ ಕವಿ ಜುವೆನಲ್ ಬರೆದ ಆರನೇ ವಿಡಂಬನೆಯ ಸಾಲು. ಪೋಸ್ಟುಮಸ್ ಅನ್ನುವವನು ಮದುವೆಗೆ ಹೊರಟಿದ್ದಾನೆ, ಬೇಡಪ್ಪಾ ಬೇಡ ಅಂತ ಕವಿ ಸುಮಾರು 700 ಸಾಲು ಹೆಂಗಸರನ್ನು ಬೈಯುತ್ತಾನೆ. ಓದೋಕೆ ಹಿತವಾದ ಪದ್ಯ ಅಲ್ಲ, ಹೇಳಿಬಿಡುತ್ತೇನೆ. ಅದರ ನಡುವೆ ಗೆಳೆಯರ ಬುದ್ಧಿಮಾತು ಬರುತ್ತದೆ: ಅಗುಳಿ ಹಾಕು, ಹೆಂಡತಿಯನ್ನು ಒಳಗೇ ಇಡು. ಅದಕ್ಕೆ ಕವಿಯ ಉತ್ತರ: ಸರಿ, ಕಾವಲಿಗೆ ಇಟ್ಟವರನ್ನು ಕಾಯೋದು ಯಾರು? ಹೆಂಡತಿ ಜಾಣೆ, ಶುರು ಮಾಡೋದೇ ಅವರಿಂದ.

1899ರಲ್ಲಿ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ ವಿನ್‌ಸ್ಟೆಡ್ ಅನ್ನುವ ವಿದ್ಯಾರ್ಥಿ ಇದೇ ಪದ್ಯದ ಒಂದು ಹಳೇ ಹಸ್ತಪ್ರತಿ ಓದುತ್ತಿದ್ದ. ಬೇರೆ ಯಾವ ಪ್ರತಿಯಲ್ಲೂ ಇಲ್ಲದ ಮೂವತ್ತಕ್ಕೂ ಹೆಚ್ಚು ಸಾಲು ಅದರಲ್ಲಿ ಸಿಕ್ಕಿದವು. ಜುವೆನಲ್‌ನದೇ ಹೌದೋ ಅಲ್ಲವೋ ಅಂತ ಅಲ್ಲಿಂದ ಇಲ್ಲಿವರೆಗೂ ಜಗಳ ನಡೆದೇ ಇದೆ. ಅಲ್ಲಿ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಆದರೆ ಬಾಲ ಬೇರೆ. ಆ ಕಾವಲುಗಾರರು ಹುಡುಗಿಯ ಕಳ್ಳಾಟದ ಬಗ್ಗೆ ಬಾಯಿ ಬಿಡುವುದಿಲ್ಲ, ಯಾಕೆಂದರೆ ಅದೇ ಕಳ್ಳಾಟದಲ್ಲಿ ಅವರಿಗೆ ಸಂಭಾವನೆ ಸಂದಿದೆ. ಇಬ್ಬರೂ ಸೇರಿ ಮಾಡಿದ ತಪ್ಪಿನ ಬಗ್ಗೆ ಇಬ್ಬರೂ ಸುಮ್ಮನಿರುತ್ತಾರೆ.

ನನ್ನ ಪ್ರಕಾರ ಅಸಲಿ ಮಾತು ಇರುವುದು ಇಲ್ಲಿ. ಕಾವಲುಗಾರ ನಿದ್ದೆ ಹೋದ, ಸೋಮಾರಿ, ದಡ್ಡ ಅನ್ನೋದು ಸಮಸ್ಯೆಯೇ ಅಲ್ಲ. ಅವನಿಗೆ ಪಾಲು ಸಿಕ್ಕಿದೆ. ಪಾಲು ಸಿಕ್ಕವನ ಮೇಲೆ ಇನ್ನೊಬ್ಬ ಮೇಲ್ವಿಚಾರಕನನ್ನು ಕೂರಿಸಿದರೆ ಏನಾಗುತ್ತದೆ? ಪಾಲು ಮೂರಾಗುತ್ತದೆ. ಬೇಲಿಯೇ ಹೊಲ ಮೇಯ್ದರೆ ಅಂತ ನಾವೂ ಗಾದೆ ಹೇಳುತ್ತೇವಲ್ಲ. ಬಸವಣ್ಣನವರು ಇದನ್ನೇ ವಚನದಲ್ಲಿ ತಂದು ಕೊನೆಗೆ "ಇನ್ನಾರಿಗೆ ದೂರುವೆ" ಅಂತ ಕೇಳಿದರು. ಜುವೆನಲ್ ಕೇಳಿದ್ದು ಯಾರು ಕಾಯುತ್ತಾರೆ ಅಂತ. ಬಸವಣ್ಣ ಕೇಳಿದ್ದು ದೂರು ಯಾರಿಗೆ ಕೊಡಲಿ ಅಂತ. ನನಗೆ ಎರಡನೇ ಪ್ರಶ್ನೆಯೇ ಜಾಸ್ತಿ ಕೆಲಸಕ್ಕೆ ಬರೋದು ಅನ್ನಿಸುತ್ತದೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಅಂದ ಹಾಗೆ ಪ್ಲೇಟೋನ ರಿಪಬ್ಲಿಕ್‌ನಲ್ಲೂ ಈ ಮಾತು ಬಂದು ಹೋಗುತ್ತದೆ. ಕಾಯುವವರು ಕುಡಿದು ತೂರಾಡಬಾರದು ಅಂತ ಸಾಕ್ರಟೀಸ್ ಹೇಳಿದಾಗ ಗ್ಲಾಕೋನ್, ಕಾಯುವವನಿಗೇ ಕಾಯುವವನು ಬೇಕು ಅಂದರೆ ನಗೆಪಾಟಲು ಅಂತಾನೆ. ನಕ್ಕು ಮುಂದೆ ಹೋಗುತ್ತಾರೆ. ರೋಮಿನ ಚಕ್ರವರ್ತಿಗಳಿಗೆ ಅಷ್ಟು ಸುಲಭವಾಗಿ ನಗೋಕೆ ಆಗಲಿಲ್ಲ.

ಡೊಮಿಷಿಯನ್ ಕಥೆ ಕೇಳಿ. ಕ್ರಿ.ಶ. 69ರ ಡಿಸೆಂಬರ್. ಅಂತರ್ಯುದ್ಧ ನಡೆಯುತ್ತಿದೆ, ರೋಮಿನ ಕ್ಯಾಪಿಟೋಲಿನ್ ಗುಡ್ಡದ ಮೇಲಿನ ದೇವಸ್ಥಾನಕ್ಕೇ ಬೆಂಕಿ ಬಿದ್ದಿದೆ. ಹದಿನೆಂಟರ ಈ ಹುಡುಗ ಗುಡಿ ನೋಡಿಕೊಳ್ಳುವವನ ಮನೆಯಲ್ಲಿ ಅಡಗಿ ಕೂತು ಬದುಕಿಕೊಂಡ. ಮುಂದೆ ತಾನೇ ಚಕ್ರವರ್ತಿಯಾದಾಗ ಜೂಪಿಟರ್ ಕುಸ್ಟೋಸ್‌ಗೆ, ಕಾಯುವ ಜೂಪಿಟರ್‌ಗೆ, ದೊಡ್ಡ ದೇವಸ್ಥಾನ ಕಟ್ಟಿಸಿದ. ದೇವರ ಮಡಿಲಲ್ಲಿ ತನ್ನದೇ ಮೂರ್ತಿ ಇಡಿಸಿದ ಅಂತ ಇತಿಹಾಸಕಾರ ಟಾಸಿಟಸ್ ಬರೆಯುತ್ತಾನೆ. ಅಷ್ಟಾದರೂ ಭಯ ಹೋಗಲಿಲ್ಲ. ತಾನು ಓಡಾಡುವ ಜಗಲಿಯ ಗೋಡೆಗಳಿಗೆ ಕನ್ನಡಿಯಂತೆ ಹೊಳೆಯುವ ಕಲ್ಲು ಹಾಕಿಸಿದ, ಬೆನ್ನ ಹಿಂದೆ ಯಾರು ಬರುತ್ತಿದ್ದಾರೆ ಅಂತ ಕಾಣಲಿ ಅಂತ. ದಿಂಬಿನ ಕೆಳಗೆ ಕಠಾರಿ. 96ರಲ್ಲಿ ಒಂದು ದಿನ ಸ್ಟೆಫನಸ್ ಅನ್ನುವವನು ಕೈಗೆ ಗಾಯವಾಗಿದೆ ಅಂತ ಬಟ್ಟೆ ಸುತ್ತಿಕೊಂಡು ಬಂದು, ಅದರೊಳಗಿಂದ ಚೂರಿ ತೆಗೆದು ಇರಿದ. ಚಕ್ರವರ್ತಿ ಅಲ್ಲಿದ್ದ ಹುಡುಗನಿಗೆ ದಿಂಬಿನ ಕೆಳಗಿನ ಕಠಾರಿ ಕೊಡು ಅಂತ ಕೂಗಿದ. ಹುಡುಗ ಕೈ ಹಾಕಿ ನೋಡಿದರೆ ಬರೀ ಹಿಡಿ ಇದೆ, ಅಲಗೇ ಇಲ್ಲ! ಸಂಚಿನಲ್ಲಿ ಇದ್ದವರಲ್ಲಿ ಒಬ್ಬ ಅವನ ಮಲಗುವ ಕೋಣೆಯ ಮುಖ್ಯ ಸೇವಕ ಪಾರ್ಥೀನಿಯಸ್. ಹೊಳೆಯುವ ಕಲ್ಲಿನಲ್ಲಿ ಎಲ್ಲರೂ ಕಾಣುತ್ತಿದ್ದರು, ಹಾಸಿಗೆ ಹಾಸುವವನ ಮೇಲೆ ಮಾತ್ರ ಕಣ್ಣು ಬೀಳಲಿಲ್ಲ.

ಅದಕ್ಕೂ ಮುಂಚಿನ ಚಕ್ರವರ್ತಿಗಳು ಜರ್ಮನ್ ಅಂಗರಕ್ಷಕರನ್ನು ಇಟ್ಟುಕೊಂಡಿದ್ದರು, ಕಾರ್ಪೋರಿಸ್ ಕುಸ್ಟೋಡೆಸ್ ಅಂತ, ದೇಹ ಕಾಯುವವರು. ಹೊರಗಿನ ಜನ. ರೋಮಿನ ದೊಡ್ಡ ಮನೆತನಗಳ ಜೊತೆ ಅವರಿಗೆ ನಂಟಿಲ್ಲ, ಒಡೆಯ ಇದ್ದರೆ ತಾವೂ ಇದ್ದೇವೆ, ಅಷ್ಟೇ ಲೆಕ್ಕ. 41ರಲ್ಲಿ ಕಲಿಗುಲನನ್ನು ಕೊಂದಾಗ ಕತ್ತಿ ಹಿರಿದು ನುಗ್ಗಿದವರು ಇವರೇ. ಪಾಪ, ಏನೂ ಮಾಡದ ಕೆಲವು ಸೆನೆಟರುಗಳೂ ಆ ಗಲಾಟೆಯಲ್ಲಿ ಸತ್ತರು. 68ರಲ್ಲಿ ಗಾಲ್ಬಾ ಚಕ್ರವರ್ತಿಯಾಗಿ ಬಂದವನೇ ಇವರನ್ನು ಬಿಡಿಗಾಸು ಕೊಡದೆ ಊರಿಗೆ ಕಳಿಸಿಬಿಟ್ಟ. ಮುಂದಿನ ಜನವರಿಯಲ್ಲಿ ಅವನನ್ನು ಬೀದಿಯಲ್ಲೇ ಕೊಂದರು, ಮುಖ್ಯ ಕಾವಲು ಪಡೆ ಪ್ರಿಟೋರಿಯನ್ನರು ಅಷ್ಟರಲ್ಲಿ ಎದುರು ಪಕ್ಷ ಸೇರಿಯಾಗಿತ್ತು. ಇದೇ ಪ್ರಿಟೋರಿಯನ್ನರು 193ರಲ್ಲಿ ಚಕ್ರವರ್ತಿ ಪರ್ಟಿನಾಕ್ಸ್‌ನನ್ನು ಕೊಂದು ಸಿಂಹಾಸನವನ್ನು ಹರಾಜಿಗೇ ಇಟ್ಟರು. ಹರಾಜು ಅಂತ ಸುಮ್ನೆ ಅಲಂಕಾರಕ್ಕೆ ಹೇಳುತ್ತಿಲ್ಲ. ಒಬ್ಬ ಶಿಬಿರದ ಒಳಗಿಂದ ಕೂಗುತ್ತಿದ್ದಾನೆ, ಡಿಡಿಯಸ್ ಜೂಲಿಯಾನಸ್ ಗೋಡೆಯ ಹೊರಗಿಂದ ಬೆರಳು ತೋರಿಸಿ ಬೆಲೆ ಏರಿಸುತ್ತಿದ್ದಾನೆ. ಒಬ್ಬೊಬ್ಬ ಸೈನಿಕನಿಗೆ 25,000 ಸೆಸ್ಟರ್ಸ್ ನಾಣ್ಯಕ್ಕೆ ವ್ಯಾಪಾರ ಕುದುರಿತು. ಕೊಂಡವನು ಬಾಳಿದ್ದು 66 ದಿನ.

ಇಷ್ಟು ಕೇಳಿದ ಮೇಲೆ ರೋಮನ್ನರಿಗೆ ಈ ಪ್ರಶ್ನೆಗೆ ಉತ್ತರವೇ ಗೊತ್ತಿರಲಿಲ್ಲ ಅನ್ನಿಸಬಹುದು. ಗೊತ್ತಿತ್ತು. ಅದು ಅರಮನೆಯಲ್ಲಿ ಇರಲಿಲ್ಲ, ಚುನಾವಣೆಯಲ್ಲಿತ್ತು.

ಕ್ರಿ.ಪೂ. 139ರಲ್ಲಿ ರೋಮಿಗೆ ಗುಪ್ತ ಮತದಾನ ಬಂತು. ಮೇಣ ಬಳಿದ ಸಣ್ಣ ಹಲಗೆಯ ಮೇಲೆ ಬರೆದು ಬುಟ್ಟಿಗೆ ಹಾಕಬೇಕು. ಆ ಬುಟ್ಟಿ ಕಾಯಲು ನಿಲ್ಲುವವರೂ ಕುಸ್ಟೋಡೆಸ್. ಅಭ್ಯರ್ಥಿಗಳು ತಮ್ಮ ತಮ್ಮ ಕಡೆಯ ಕುಸ್ಟೋಸ್‌ನನ್ನು ಅಲ್ಲಿ ನಿಲ್ಲಿಸುತ್ತಿದ್ದರು. ನಮ್ಮ ಬೂತ್ ಏಜೆಂಟ್ ಇದ್ದಾನಲ್ಲ, ಥೇಟ್ ಅವನೇ. ಇದರ ಬಗ್ಗೆ ರೋಮಿನ ವಿದ್ವಾಂಸ ವಾರೋ ಬರೆದ ಕೃಷಿ ಪುಸ್ತಕದಲ್ಲಿ ಒಂದು ಭಲೇ ಪ್ರಸಂಗ ಇದೆ. ಹೌದು, ಕೃಷಿ ಪುಸ್ತಕದಲ್ಲಿ! ಎಂಬತ್ತರ ವಯಸ್ಸಿನಲ್ಲಿ ಬರೆದದ್ದು. ಚುನಾವಣೆಯ ದಿನ, ಬಿಸಿಲು ಅಂತ ಒಂದಷ್ಟು ಜನ ಹತ್ತಿರದ ಸರ್ಕಾರಿ ಕಟ್ಟಡದ ನೆರಳಿನಲ್ಲಿ ಕೂತು ಫಲಿತಾಂಶ ಕಾಯುತ್ತಾ ಹಕ್ಕಿ ಸಾಕಣೆ ಬಗ್ಗೆ ಹರಟುತ್ತಿದ್ದಾರೆ. ಅವರಲ್ಲಿ ಕೆಲವರ ಹೆಸರೂ ಹಕ್ಕಿಯ ಹೆಸರೇ. ಒಬ್ಬ ಪಾವೋ, ಅಂದರೆ ನವಿಲು. ಹರಟೆ ಜೋರಾಗಿ ನಡೆದಿರುವಾಗ ಹೊರಗೆ ಗದ್ದಲ. ಓಟು ಎಣಿಸುವ ಕಡೆ ಯಾರೋ ಬುಟ್ಟಿಗೆ ಕಳ್ಳ ಓಟು ತುರುಕುವಾಗ ಸಿಕ್ಕಿಬಿದ್ದನಂತೆ, ಕಾನ್ಸಲ್, ಅಂದರೆ ರೋಮಿನ ಅತಿ ದೊಡ್ಡ ಅಧಿಕಾರಿ, ಅವನ ಹತ್ತಿರ ಎಳೆದುಕೊಂಡು ಹೋದರಂತೆ. ಪಾವೋ ದಡಕ್ಕನೆ ಎದ್ದ. ಯಾಕೆಂದರೆ ಸಿಕ್ಕಿಬಿದ್ದವನು ಅವನದೇ ಅಭ್ಯರ್ಥಿಯ ಕುಸ್ಟೋಸ್ ಅಂತ ಸುದ್ದಿ!

ನೋಡಿ, ಕಾಯಲು ನಿಂತವನೇ ಕದ್ದ. ಇದರಲ್ಲಿ ಹೊಸದೇನಿಲ್ಲ. ಹಿಡಿದವರು ಯಾರು ಅನ್ನೋದು ಮುಖ್ಯ. ವಾರೋ ಅದನ್ನೂ ಬರೆದಿದ್ದಾನೆ: ಎದುರಾಳಿ ಅಭ್ಯರ್ಥಿಗಳ ಬೆಂಬಲಿಗರು. ಅವರೇನು ಸತ್ಯಸಂಧರಾಗಿರಲಿಲ್ಲ. ಅವಕಾಶ ಸಿಕ್ಕಿದ್ದರೆ ಅವರೂ ನಾಲ್ಕು ಹಲಗೆ ತುರುಕುತ್ತಿದ್ದರೋ ಏನೋ. ಆದರೆ ಅವನು ಕದ್ದರೆ ಇವರಿಗೆ ನಷ್ಟ. ಇವರಿಗೆ ಅವನು ಪಾಲು ಕೊಡೋಕೆ ಬರುವುದಿಲ್ಲ, ಯಾಕೆಂದರೆ ಗೆಲುವನ್ನು ಹಂಚಿಕೊಳ್ಳೋಕೆ ಆಗೋದಿಲ್ಲ. ಪ್ರಾಮಾಣಿಕರನ್ನು ಹುಡುಕಿ ಕಾವಲಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳೋದು, ಕಾವಲು ಕೆಟ್ಟರೆ ಯಾರ ಮನೆ ಹಾಳಾಗುತ್ತದೋ ಅವರನ್ನು ಪಕ್ಕದಲ್ಲಿ ನಿಲ್ಲಿಸಿ. ಹೊರೇಸ್‌ನ ಅಪ್ಪ ಯಾಕೆ ಕೆಡಲಿಲ್ಲ? ಹುಡುಗ ಅವನ ಮಗ.

ಈಗ ನಮ್ಮ ಕಸ್ಟಡಿಗೆ ಬನ್ನಿ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್, ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲೂ ಸಿಸಿಟಿವಿ ಹಾಕಿ ಅಂತ ಆದೇಶ ಕೊಟ್ಟಿತು. ಗೇಟು, ಲಾಕಪ್, ಪಡಸಾಲೆ, ಇನ್ಸ್‌ಪೆಕ್ಟರ್ ಕೋಣೆ, ಎಲ್ಲ ಕಡೆ. ದೃಶ್ಯದ ಜೊತೆ ದನಿಯೂ ಇರಬೇಕು, 18 ತಿಂಗಳು ಉಳಿಸಿಡಬೇಕು. ಒಳ್ಳೇ ಆದೇಶ, ಎರಡು ಮಾತಿಲ್ಲ. ಆದರೆ ಆ ಕ್ಯಾಮೆರಾ ಕೆಲಸ ಮಾಡುತ್ತಿದೆಯಾ ಅಂತ ನೋಡಿಕೊಳ್ಳುವ ಹೊಣೆ ಯಾರದ್ದು? ಅದೇ ಠಾಣೆಯ ಅಧಿಕಾರಿಯದ್ದು. ಅದರ ಮೇಲೆ ಜಿಲ್ಲಾ ಸಮಿತಿ ಇದೆ, ಅದರಲ್ಲಿ ಜಿಲ್ಲೆಯ ಎಸ್‌ಪಿಯೇ ಒಬ್ಬ ಸದಸ್ಯ. ರಾಜ್ಯ ಸಮಿತಿಯಲ್ಲಿ ಡಿಜಿಪಿ. ನಗರಗಳಲ್ಲಿ ಮೇಯರ್, ಹಳ್ಳಿ ಕಡೆ ಜಿಲ್ಲಾ ಪಂಚಾಯತಿ ಮುಖ್ಯಸ್ಥರು, ಮೇಲಿನ ಸಮಿತಿಯಲ್ಲಿ ಮಹಿಳಾ ಆಯೋಗದವರು ಇದ್ದಾರೆ, ಇಲ್ಲ ಅನ್ನೋದಿಲ್ಲ. ಆದರೆ ಒಳಗೆ ಏಟು ತಿಂದವನ ಕಡೆಯವರು ಅಂತ ಯಾರಾದರೂ ಇದ್ದಾರಾ? ಇಲ್ಲ. ಡೊಮಿಷಿಯನ್ ಗೋಡೆಗೆ ಹಾಕಿಸಿದ್ದೂ ಹೊಳೆಯುವ ಕಲ್ಲೇ ತಾನೇ.

ಆ ಆದೇಶದಲ್ಲಿ ನನಗೆ ಹಿಡಿಸಿದ ಭಾಗ ಬೇರೆ. ಠಾಣೆಯಲ್ಲಿ ದೊಡ್ಡ ಪೆಟ್ಟು ಬಿದ್ದರೆ ಅಥವಾ ಜೀವ ಹೋದರೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು, ಆಯೋಗ ಆ ದೃಶ್ಯಗಳನ್ನು ಕೂಡಲೇ ತರಿಸಿಕೊಳ್ಳಬಹುದು. ಇನ್ನಾರಿಗೆ ದೂರುವೆ ಅನ್ನೋದಕ್ಕೆ ಒಂದು ವಿಳಾಸವಾದರೂ ಸಿಕ್ಕಿತು.

ಅದಕ್ಕೂ ಹಳೆಯದು ಸುಪ್ರೀಂ ಕೋರ್ಟಿನದೇ 1996ರ ಡಿ.ಕೆ. ಬಸು ತೀರ್ಪು. ಅದರಲ್ಲಿ ಒಂದು ಸಣ್ಣ ಕಾಗದದ ವಿಷಯ ಇದೆ, ಜನ ಅದನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಅರೆಸ್ಟ್ ಮೆಮೊ. ಬಂಧಿಸಿದ ಕೂಡಲೇ ಅಲ್ಲೇ ಅದನ್ನು ಬರೆಯಬೇಕು, ಸಾಕ್ಷಿಯಾಗಿ ಕನಿಷ್ಠ ಒಬ್ಬರ ಸಹಿ ಬೇಕು. ಆ ಒಬ್ಬರು ಬಂಧಿತನ ಮನೆಯವರಾಗಿರಬಹುದು, ಇಲ್ಲವೇ ಆ ಜಾಗದ ಮರ್ಯಾದಸ್ಥರು. ಬಂಧಿತನೂ ಸಹಿ ಹಾಕಬೇಕು. ಅಂದರೆ ಪೊಲೀಸರ ಕಾಗದದ ಮೇಲೆ, ಕಾವಲು ಕೆಟ್ಟರೆ ಎದೆ ಒಡೆದುಕೊಳ್ಳುವವರ ಹೆಸರು. ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು ಅನ್ನುವ ಸಂವಿಧಾನದ ನಿಯಮ ಇದೆಯಲ್ಲ, ಆ ಗಂಟೆ ಎಣಿಸೋಕೆ ಮೊದಲ ಆಧಾರ ಈ ಕಾಗದವೇ. ಹಾಗಾಗಿ ನಿಮ್ಮ ಮನೆಯವರಿಗೋ ಪಕ್ಕದ ಮನೆಯವರಿಗೋ ಇಂಥ ಸಂದರ್ಭ ಬಂದು, ಇಲ್ಲೊಂದು ಸಹಿ ಹಾಕಿ ಸಾರ್ ಅಂತ ಕಾಗದ ಮುಂದೆ ಹಿಡಿದರೆ, ಗಾಬರಿಯಲ್ಲಿ ಗೀಚಿಬಿಡಬೇಡಿ. ತಾರೀಖು ಇದೆಯಾ, ಬಂಧಿಸಿದ ಸಮಯ ಇದೆಯಾ ನೋಡಿ. ಖಾಲಿ ಇದ್ದರೆ ಬರೆಸಿಕೊಳ್ಳಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಲು ಕೇಳಿ, ಆಮೇಲೆ ಸಹಿ ಹಾಕಿ.