ಶೆಡ್ಡಿನಲ್ಲಿ ನಿಂತ ಡೀಸೆಲ್ ಕಾರು

ಕೇಳುಗರಿಗೆ ನಮಸ್ಕಾರ.

ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಎಷ್ಟೋ ಮನೆಗಳ ಹಿಂದೆ ಶೀಟ್ ಹಾಕಿದ ಒಂದು ಶೆಡ್ಡು ಇರುತ್ತದೆ. ಅದರೊಳಗೆ ಹಳೆಯ ಡೀಸೆಲ್ ಕಾರು. ಹೆಚ್ಚಾಗಿ ಅಂಬಾಸಿಡರ್. ಅದರ ಮೇಲೆ ಅಡಿಕೆ ಗೋಣಿ, ಹರಿದ ಟಾರ್ಪಾಲು. ಮಗ ಗಲ್ಫಿಗೆ ಹೋದ, ಯಜಮಾನರಿಗೆ ವಯಸ್ಸಾಯಿತು, ಕಾರು ನಿಂತಿತು. ಒಂದು ರಜೆಯಲ್ಲಿ ಅಳಿಯ ಹೊಸ ಬ್ಯಾಟರಿ ಹಿಡಿದುಕೊಂಡು ಬರುತ್ತಾನೆ. "ಮಾವ, ಒಂದು ಸೆಲ್ಫ್ ಹೊಡೆದು ನೋಡುವ" ಅನ್ನುತ್ತಾನೆ. ಆ ಸೆಲ್ಫ್ ಹೊಡೆಯುವ ಮೊದಲು ಏನೇನು ಮಾಡಬೇಕು ಅನ್ನುವುದೇ ಇವತ್ತಿನ ಮಾತು.

ನಿಂತ ಗಾಡಿಗೆ ವಯಸ್ಸಿಗಿಂತ ಜಾಸ್ತಿ ಕಾಟ ಕೊಡುವುದು ನೀರು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಕಾರು ನೆನೆಯದಿದ್ದರೂ ಗಾಳಿಯ ತೇವ ಬಿಡುತ್ತದಾ? ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವ ರಾತ್ರಿಯ ತಂಪಿಗೆ ಹನಿಯಾಗಿ ಇಳಿಯುತ್ತದೆ. ನೀರು ಡೀಸೆಲಿಗಿಂತ ಭಾರ, ಆದ್ದರಿಂದ ತಳದಲ್ಲಿ ಕೂರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆದು ಕಪ್ಪು ಲೋಳೆಯಾಗುತ್ತದೆ. ತಳಕ್ಕೆ ತುಕ್ಕು ಹಿಡಿಯುತ್ತದೆ. ಇದರ ಮೇಲೆ ಹೊಸ ಡೀಸೆಲ್ ಸುರಿದರೆ ಲೋಳೆಯೆಲ್ಲ ಕದಡಿ ಫಿಲ್ಟರಿಗೆ ಬರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಅದೃಷ್ಟ ಅನ್ನಿ. ನೀರು ಫಿಲ್ಟರ್ ದಾಟಿ, ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪಿಗೆ ಹೋದರೆ ಕಿಸೆಗೇ ಕತ್ತರಿ. ಪಂಪಿನೊಳಗಿನ ಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಸಣ್ಣದು, ಅವು ಸವೆಯದಂತೆ ಕಾಯುವುದೂ ಡೀಸೆಲ್ಲೇ. ಹಾಗಾಗಿ ಟ್ಯಾಂಕ್ ಇಳಿಸಿ, ತೊಳೆದು, ಚೆನ್ನಾಗಿ ಒಣಗಿಸಿ. ಹಳೆಯ ಡೀಸೆಲ್ ಸೋಸಿ ಬಳಸುವ ಆಸೆ ಬೇಡ.

ಇನ್ನು ಇಲಿ. ಏರ್ ಫಿಲ್ಟರಿನೊಳಗೆ, ಸೀಟಿನ ಅಡಿಯಲ್ಲಿ ಅದರ ಸಂಸಾರ ಇದ್ದೇ ಇರುತ್ತದೆ. ವಯರು ಕಡಿದಿರುತ್ತದೆ. ವಯರಿಗಿಂತ ನಿಮ್ಮ ಆರೋಗ್ಯ ಮುಖ್ಯ. ಇಲಿಜ್ವರ ಕೇರಳಕ್ಕೆ ಹೊಸದಲ್ಲ, ಇಲಿಯ ಮೂತ್ರದಿಂದ ಬರುತ್ತದೆ. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಹಾಕಿಯೇ ಗೂಡು ತೆಗೆಯಿರಿ. ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ. ಇಲಿ ಇದ್ದಲ್ಲಿಗೆ ಹಾವೂ ಬರುತ್ತದೆ, ಅಲ್ವಾ?

ಎಂಜಿನ್ ಕೆಲಸಕ್ಕೆ ಕೈ ಹಾಕುವ ಮೊದಲು ಬ್ರೇಕ್ ಸರಿ ಮಾಡಿಸಿ ಅಂತ ನಾನು ಹೇಳುತ್ತೇನೆ. ತುಂಬಾ ಜನ ಇದನ್ನು ಕೊನೆಗೆ ಇಡುತ್ತಾರೆ. ಬ್ರೇಕ್ ಆಯಿಲ್ ತೇವವನ್ನು ಹೀರಿಕೊಳ್ಳುವ ವಸ್ತು. ವರ್ಷಗಟ್ಟಲೆ ನಿಂತರೆ ಚಕ್ರದ ಸಿಲಿಂಡರುಗಳು ಒಳಗಿನಿಂದಲೇ ತುಕ್ಕು ಹಿಡಿದು ಜಾಮ್ ಆಗುತ್ತವೆ. ಪೆಡಲ್ ಗಟ್ಟಿ ಇದೆ ಅಂತ ನಂಬಬೇಡಿ. ನಾಲ್ಕೂ ಡ್ರಮ್ ಬಿಚ್ಚಿ ನೋಡಬೇಕು. ರಬ್ಬರ್ ಕಿಟ್, ಹೋಸು, ಆಯಿಲ್ ಎಲ್ಲ ಹೊಸದು ಹಾಕಿ. ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. ಮೊದಲೆರಡು ಅಂಕೆ ಟೈರು ತಯಾರಾದ ವಾರ, ಕೊನೆಯೆರಡು ಅಂಕೆ ವರ್ಷ. ಮೇಲಿನ ಪಟ್ಟಿ ಸವೆಯದೆ ಎಷ್ಟೇ ಉಳಿದಿರಲಿ, ಬಿರುಕು ಬಿಟ್ಟ ಹಳೆಯ ಟೈರು ರಸ್ತೆಗೆ ಬೇಡ.

ಈಗ ಎಂಜಿನ್. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ ಅದಕ್ಕೆ ಡೀಸೆಲ್ ಚಿಮ್ಮಿಸುವುದು. ಹಳೆಯ ಅಂಬಾಸಿಡರಿನಂಥ ಎಂಜಿನ್ನು ಗಾಳಿಯನ್ನು 20 ಪಟ್ಟಿಗೂ ಹೆಚ್ಚು ಒತ್ತುತ್ತದೆ. ಪಿಸ್ಟನ್ನಿನ ಸುತ್ತಲಿನ ಒಣಗಿದ ರಿಂಗು, ತುಕ್ಕು ಹಿಡಿದ ಸಿಲಿಂಡರ್ ಇಟ್ಟುಕೊಂಡು ಒಮ್ಮೆಲೇ ಸೆಲ್ಫ್ ಹೊಡೆದರೆ ರಿಂಗು ಮುರಿಯಬಹುದು. ಒಳಗೆ ನೀರು ನಿಂತಿದ್ದರೆ ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಅದಕ್ಕೇ, ತಣ್ಣಗಿನ ಎಂಜಿನ್ನನ್ನು ಸ್ಟಾರ್ಟಿಗೆ ಬಿಸಿ ಮಾಡುವ ಹೀಟರ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಒಂದೆರಡು ರಾತ್ರಿ ಹಾಗೇ ಇರಲಿ. ಆಮೇಲೆ ಗೇರ್ ನ್ಯೂಟ್ರಲ್ ಮಾಡಿ, ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿ. ತಿರುಗದಿದ್ದರೆ ಮತ್ತೆ ಆಯಿಲ್, ಮತ್ತೆ ಕಾಯುವುದು. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಜಗ್ಗುವ ಪೈಲ್ವಾನರು ಇದ್ದಾರೆ, ಅವರನ್ನು ದೂರ ಇಡಿ.

ಸಲೀಸಾಗಿ ತಿರುಗಿತಾ? ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ. ಪ್ಲಗ್ ಹಾಕುವ ಮೊದಲು, ಎಂಜಿನ್ನಿಗೆ ಡೀಸೆಲ್ ನಿಲ್ಲಿಸುವ ಸ್ಟಾಪ್ ನಾಬ್ ಎಳೆದಿಟ್ಟು, ಸೆಲ್ಫ್ ಸ್ವಲ್ಪ ಸ್ವಲ್ಪ ಹೊಡೆಯಿರಿ. ಆಯಿಲ್ ದೀಪ ಆರುವವರೆಗೆ. ತೂತುಗಳ ಎದುರು ಯಾರೂ ನಿಲ್ಲಬಾರದು.

ಟ್ಯಾಂಕ್ ಇಳಿಸಿದ ಮೇಲೆ ಡೀಸೆಲ್ ಲೈನಿನಲ್ಲಿ ಏರ್ ಹಿಡಿಯುವುದು, ಅಂದರೆ ಗಾಳಿ ಸೇರುವುದು ಖಂಡಿತ. ಅದನ್ನು ಹೊರಗೆ ಬಿಡಬೇಕು. ಡೀಸೆಲ್ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಲಿವರನ್ನು ಕೈಯಿಂದ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ. ಗುಳ್ಳೆ ಇಲ್ಲದ ಡೀಸೆಲ್ ಬಂದಾಗ ಬಿಗಿ ಮಾಡಿ. ಆಮೇಲೆ ಪಂಪಿನ ಸ್ಕ್ರೂ, ಕೊನೆಗೆ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲಿನ ಪೈಪಿನ ನಟ್ಟು. ನಾಝಲ್ ಲೈನಿನಲ್ಲಿ ಡೀಸೆಲ್ ಚಿಮ್ಮುವಾಗ ಬೆರಳು ಇಡಬೇಡಿ, ಆ ಒತ್ತಡಕ್ಕೆ ಅದು ಚರ್ಮವನ್ನೇ ತೂರಿ ಹೋಗುತ್ತದೆ. ಪಂಪಿನ ಸೀಲು ಜಿನುಗಿದರೆ ಆಶ್ಚರ್ಯ ಪಡಬೇಡಿ. 2020ರ ಏಪ್ರಿಲ್‌ನಿಂದ ದೇಶಾದ್ಯಂತ ಸಿಗುತ್ತಿರುವ ಡೀಸೆಲಿನಲ್ಲಿ ಗಂಧಕ ತೀರಾ ಕಡಿಮೆ. ಹಳೆಯ ಡೀಸೆಲಿಗೆ ಉಬ್ಬಿ ಕೂತಿದ್ದ ರಬ್ಬರು ಹೊಸದಕ್ಕೆ ಕುಗ್ಗುವುದುಂಟು.

ಎಂಜಿನ್ ಸ್ಟಾರ್ಟ್ ಆಗುವುದಕ್ಕಿಂತ ಅದನ್ನು ನಿಲ್ಲಿಸುವ ದಾರಿ ಮೊದಲು ಗೊತ್ತಿರಬೇಕು. ಈ ಹಳೆಯ ಗಾಡಿಗಳು ಕೀ ತಿರುಗಿಸಿದರೆ ನಿಲ್ಲುವುದಿಲ್ಲ, ಸ್ಟಾಪ್ ನಾಬ್ ಎಳೆಯಬೇಕು. ಅಪರೂಪಕ್ಕೆ ಎಂಜಿನ್ನು ತನ್ನ ಆಯಿಲನ್ನೇ ಕುಡಿದು ಹುಚ್ಚು ಹಿಡಿದ ಹಾಗೆ ಓಡತೊಡಗುತ್ತದೆ. ಆಗ ನಾಬ್ ಎಳೆದರೂ ಕೇಳುವುದಿಲ್ಲ. ಗಾಳಿ ಒಳಹೋಗುವ ಬಾಯಿಯನ್ನು ಒಂದು ಹಲಗೆಯಿಂದ ಮುಚ್ಚಬೇಕು. ಅಂಗೈ ಒಡ್ಡಬೇಡಿ, ಬಟ್ಟೆ ಬೇಡ. ಇಲ್ಲವಾದರೆ ಟಾಪ್ ಗೇರ್ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಡಬೇಕು. ಬ್ರೇಕ್ ಮೊದಲು ಅಂತ ನಾನು ಹಠ ಹಿಡಿದದ್ದು ಇದಕ್ಕೂ ಹೌದು.

ಶುರುವಿನಲ್ಲಿ ಬಿಳಿ ಹೊಗೆ ಬಂದರೆ ಹೆದರಬೇಡಿ. ಬಿಸಿಯಾದ ಮೇಲೂ ನಿಲ್ಲದಿದ್ದರೆ ನಾಝಲ್ ಮತ್ತು ಕಂಪ್ರೆಷನ್, ಅಂದರೆ ಎಂಜಿನ್ನು ಗಾಳಿ ಒತ್ತುವ ಬಲ, ನೋಡಿಸಿ. ನೀಲಿ ಹೊಗೆ ಬಿಡುವುದು ಆಯಿಲ್ ಉರಿಯುವ ಎಂಜಿನ್ನು.

ಕಾಗದಪತ್ರದ ಮಾತು ಚುಟುಕಾಗಿ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನುವ ಆದೇಶ ಬಂದದ್ದು ದೆಹಲಿ ಸುತ್ತಮುತ್ತಲಿಗೆ, ನಮಗಲ್ಲ. ನಮ್ಮಲ್ಲಿ ಸ್ವಂತದ ಕಾರಿಗೆ 15 ವರ್ಷದ ಮೇಲೆ ಗಾಡಿ ತೋರಿಸಿ ಆರ್‌ಸಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೆ. ಅದರ ಅವಧಿ ಮುಗಿದಿದ್ದರೆ, ಇಲ್ಲವೇ ಇನ್ಶೂರೆನ್ಸ್ ಇಲ್ಲದಿದ್ದರೆ, ಸುಮ್ನೆ ಹೆದ್ದಾರಿಗೆ ಇಳಿಸಬೇಡಿ. ತೋಟದ ರಸ್ತೆಯಲ್ಲೇ ಬ್ರೇಕ್ ಪರೀಕ್ಷೆ ಮಾಡಿ.

ಗಾಡಿ ಎದ್ದಿತು ಅಂತಿಟ್ಟುಕೊಳ್ಳಿ. ಅಂಗಳದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುವುದರಿಂದ ಲಾಭ ಇಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲಿನಲ್ಲಿ, ಸೈಲೆನ್ಸರಿನಲ್ಲಿ ನೀರೇ ಉಳಿಯುತ್ತದೆ. ಆಗಾಗ ಪೇಟೆಯವರೆಗೆ ಓಡಿಸಿ. ಮಳೆಗಾಲಕ್ಕೆ ಮೊದಲು ಟ್ಯಾಂಕ್ ತುಂಬಿಸಿಡಿ. ಜಾಸ್ತಿ ದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿ ಇಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ನಮಸ್ಕಾರ.