ನಾವು ಮಾತನಾಡುತ್ತೇವೆ, ಅವರು ಹರಟೆ ಹೊಡೆಯುತ್ತಾರೆ

ಕೇಳುಗರಿಗೆ ನಮಸ್ಕಾರ.

ಕಚೇರಿಯ ಮೆಟ್ಟಿಲ ಬಳಿ ಇಬ್ಬರು ನಿಂತು ಅರ್ಧ ಗಂಟೆ ಮಾತನಾಡಿದರು ಎಂದುಕೊಳ್ಳಿ. ಆ ಇಬ್ಬರಲ್ಲಿ ಒಬ್ಬರು ನಾವಾಗಿದ್ದರೆ, ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದಾಗ "ಸ್ವಲ್ಪ ಮಾತನಾಡುತ್ತಿದ್ದೆವು" ಎನ್ನುತ್ತೇವೆ. ದೂರದಿಂದ ನೋಡಿದವರು ನಾವಾಗಿದ್ದರೆ "ಹರಟೆ ಹೊಡೆಯುತ್ತಿದ್ದರು" ಎನ್ನುತ್ತೇವೆ. ಉತ್ತಮ ಪುರುಷದಲ್ಲಿ ಮಾತಾಗಿದ್ದದ್ದು ಅನ್ಯಪುರುಷಕ್ಕೆ ಹೋದ ಕೂಡಲೇ ಹರಟೆಯಾಗುತ್ತದೆ. ವ್ಯಾಕರಣ ಓದಿದವರು ಇದಕ್ಕೊಂದು ಸೂತ್ರ ಬರೆಯಬಹುದಿತ್ತು.

ಹರಟೆಗೆ ನಾವು ಕಟ್ಟಿರುವ ಕ್ರಿಯಾಪದಗಳನ್ನು ನೋಡಿ. ಮಾತನ್ನು ಆಡುತ್ತೇವೆ, ಕಥೆಯನ್ನು ಹೇಳುತ್ತೇವೆ, ಭಾಷಣವನ್ನು ಮಾಡುತ್ತೇವೆ. ಹರಟೆಯನ್ನು ಮಾತ್ರ ಹೊಡೆಯುತ್ತೇವೆ, ಇಲ್ಲವೇ ಕೊಚ್ಚುತ್ತೇವೆ. ಬಡಾಯಿಗೂ ಇದೇ ಕೊಚ್ಚುವ ಗತಿ. ವಿಶೇಷಣಗಳೂ ಅಷ್ಟೇ: ಒಣಹರಟೆ, ಕಾಡುಹರಟೆ. ಅದರಲ್ಲಿ ಪಳಗಿದವನು ಹರಟೆಮಲ್ಲ. ಹೊಗಳಿಕೆಯಂತೆ ಕಾಣುವ ಈ ಬಿರುದನ್ನು ಯಾರೂ ತಾವಾಗಿ ಹೆಸರಿನ ಹಿಂದೆ ಹಾಕಿಕೊಂಡದ್ದಿಲ್ಲ. ಕರಾವಳಿಯ ಕಡೆಯ ಪಟ್ಟಾಂಗ ಇದಕ್ಕಿಂತ ಉದಾರ ಪದ. ಪಟ್ಟಾಂಗ ಎಂದಾಗ ಕುಳಿತವರು ಆರಾಮವಾಗಿ ಕುಳಿತಿದ್ದಾರೆ, ಸದ್ಯಕ್ಕೆ ಏಳುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಹಾಗಾದರೆ ಮಾತುಕತೆ? ಅದು ಬಹಳ ಸಭ್ಯವಾಯಿತು. ಮದುವೆಗೆ ಮಾತುಕತೆ ನಡೆಯುತ್ತದೆ, ಗಡಿ ವಿವಾದಕ್ಕೆ ಮಾತುಕತೆ ನಡೆಯುತ್ತದೆ, ವೇತನದ ವಿಚಾರದಲ್ಲಿ ಮಾತುಕತೆ ಮುರಿದುಬೀಳುತ್ತದೆ. ಹರಟೆ ಮುರಿದುಬಿದ್ದ ಸುದ್ದಿಯನ್ನು ಯಾವ ಪತ್ರಿಕೆಯಲ್ಲೂ ಓದಿದ ನೆನಪು ನನಗಿಲ್ಲ. ಮುರಿಯಬೇಕಾದರೆ ಅದಕ್ಕೊಂದು ಗುರಿ ಇರಬೇಕಲ್ಲ! ಲೋಕಾಭಿರಾಮ ಎಂಬ ಸೊಗಸಾದ ಪದವೊಂದು ನಮ್ಮಲ್ಲಿತ್ತು. ಈಗ ಅದನ್ನು ಹೆಚ್ಚಾಗಿ ಕೇಳುವುದು ರಾಜಕಾರಣಿಗಳ ಬಾಯಿಂದ. ಬಾಗಿಲು ಮುಚ್ಚಿಕೊಂಡು ಎರಡು ಗಂಟೆ ಕುಳಿತು ಹೊರಗೆ ಬಂದವರು "ಲೋಕಾಭಿರಾಮವಾಗಿ ಮಾತನಾಡಿದೆವು, ಅಷ್ಟೆ" ಎಂದರೆ ಒಳಗೆ ಲೋಕಾಭಿರಾಮ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ನಡೆದಿದೆ ಎಂದು ವರದಿಗಾರರು ಬರೆದುಕೊಳ್ಳುತ್ತಾರೆ. ಉಭಯಕುಶಲೋಪರಿಯ ಕಥೆ ಇನ್ನೂ ಸ್ವಾರಸ್ಯಕರ. ಹಳೆಯ ಕಾಗದಗಳು "ಉಭಯ ಕುಶಲೋಪರಿ ಸಾಂಪ್ರತ" ಎಂದು ಆರಂಭವಾಗುತ್ತಿದ್ದವು. ಎರಡೂ ಕಡೆಯ ಕ್ಷೇಮದ ಮಾತು ಮುಗಿಯಿತು, ಇನ್ನು ವಿಷಯಕ್ಕೆ ಬರುತ್ತೇನೆ ಎಂದರ್ಥ. ಇಂದು ಕ್ಷೇಮ ವಿಚಾರಿಸುವುದನ್ನೇ ಉಭಯಕುಶಲೋಪರಿ ಎನ್ನುತ್ತೇವೆ. ವಿಷಯಕ್ಕೆ ಬರಲು ಇಟ್ಟ ಮೆಟ್ಟಿಲ ಮೇಲೆಯೇ ನಾವು ಕುಳಿತುಬಿಟ್ಟೆವು. ಇದು ಹರಟೆಯ ಗೆಲುವು ಎಂದು ನನ್ನ ಲೆಕ್ಕ.

ವಿಷಯವೇ ಇಲ್ಲದ ಮಾತು ನಿಜಕ್ಕೂ ವ್ಯರ್ಥವೇ? ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಬಹುಕಾಲ ಇದ್ದು ಬಂದವನು. 1923ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಅವನು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ. ಹೇಗಿದ್ದೀರಿ, ಇಂದು ಬಿಸಿಲು ಜೋರು, ಎಲ್ಲಿಗೆ ಹೊರಟಿರಿ ಎಂಬಂಥ ಮಾತುಗಳು ಸುದ್ದಿ ಮುಟ್ಟಿಸಲು ಹುಟ್ಟಿದವಲ್ಲ, ಜನರನ್ನು ಒಬ್ಬರಿಗೊಬ್ಬರು ಹೊಂದಿಸಲು ಹುಟ್ಟಿದವು ಎಂದ. ಎದುರಿಗೆ ಬಂದವನು ಬಾಯಿ ಬಿಡದೆ ಹೋದರೆ ನಮಗೆ ಕಸಿವಿಸಿಯಾಗುತ್ತದೆ. ಅವನು ಬಿಸಿಲಿನ ವಿಚಾರ ತೆಗೆದರೆ ಸಾಕು, ಮನಸ್ಸು ಹಗುರವಾಗುತ್ತದೆ. ಬಿಸಿಲು ಇದೆಯೆಂದು ಇಬ್ಬರಿಗೂ ಮೊದಲೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಮಾತು ಅಲ್ಲಿ ಸಲ್ಲುತ್ತದೆ, ಏಕೆಂದರೆ ಅದರಲ್ಲಿ ಜಗಳಕ್ಕೆ ಜಾಗವಿಲ್ಲ.

ಬ್ರಿಟನ್ನಿನ ವಿಕಾಸ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಇನ್ನೂ ಮುಂದೆ ಹೋದರು. ಮಂಗಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕುತ್ತಾ ಕೂರುತ್ತವಲ್ಲ, ಕೆಲವು ಜಾತಿಗಳಲ್ಲಿ ಈ ಕೆಲಸಕ್ಕೆ ಎಚ್ಚರವಿರುವ ಹೊತ್ತಿನ ಐದನೆಯ ಒಂದು ಭಾಗದವರೆಗೂ ಹೋಗುತ್ತದೆ. ಗುಂಪು ದೊಡ್ಡದಾದಾಗ ಎಲ್ಲರ ಮೈ ಹೆಕ್ಕಲು ಸಮಯ ಸಾಲದು. ಆಗ ಒಂದೇ ಸಲಕ್ಕೆ ಹಲವರನ್ನು ತಲುಪುವ ಹರಟೆ ಆ ಜಾಗಕ್ಕೆ ಬಂದಿತು ಎಂಬುದು ಅವರ ವಾದ. ಭಾಷೆಯ ಹುಟ್ಟನ್ನೇ ಇದರಿಂದ ವಿವರಿಸುವುದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ನನಗೂ ಅದು ಸ್ವಲ್ಪ ಹೆಚ್ಚೆನಿಸುತ್ತದೆ. ಆದರೆ ಅವರ ತಂಡ ಕಂಡುಕೊಂಡ ಇನ್ನೊಂದು ಸಂಗತಿಯನ್ನು ನೀವೇ ಪರೀಕ್ಷಿಸಬಹುದು. ಸಹಜವಾಗಿ ನಡೆಯುವ ಒಂದು ಹರಟೆಯಲ್ಲಿ ನಾಲ್ಕು ಜನರವರೆಗೆ ಹಿಡಿಸುತ್ತಾರೆ. ಐದನೆಯವರು ಬಂದು ಕುಳಿತ ಸ್ವಲ್ಪ ಹೊತ್ತಿಗೆ ಗುಂಪು ಎರಡಾಗುತ್ತದೆ, ಇತ್ತ ಮೂವರು, ಅತ್ತ ಇಬ್ಬರು. ಐದು ಜನ ಒಂದೇ ಮಾತನ್ನು ಬಹಳ ಹೊತ್ತು ಕೇಳುತ್ತಿದ್ದಾರೆ ಎಂದರೆ ಅಲ್ಲಿ ಒಬ್ಬರು ಭಾಷಣಕ್ಕೆ ನಿಂತಿದ್ದಾರೆ ಎಂದೇ ತಿಳಿಯಿರಿ.

ಹರಟೆಯನ್ನು ಸೋಮಾರಿಗಳ ಕೆಲಸ ಎನ್ನುವವರಿಗೆ ಒಂದು ಅಳತೆ ಹೇಳುತ್ತೇನೆ. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನಷ್ಟು, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ, ಎಂದು ಕಂಡುಬಂತು. ಒಂದೇ ಒಂದು ಪದವನ್ನು ನೆನಪಿನಿಂದ ತೆಗೆದು ನಾಲಗೆಗೆ ತರಲು ಇದರ ಎರಡು ಮೂರು ಪಟ್ಟು ಕಾಲ ಬೇಕು. ಎಂದರೆ ಎದುರಿನವರು ಮಾತು ಮುಗಿಸುವ ಮೊದಲೇ ಅದು ಎಲ್ಲಿ ಮುಗಿಯುತ್ತದೆಂದು ಊಹಿಸಿ, ನಮ್ಮ ಉತ್ತರವನ್ನು ಕಟ್ಟಿಟ್ಟುಕೊಂಡಿರುತ್ತೇವೆ. ಕಿವಿ ಒಂದು ಕೆಲಸದಲ್ಲಿ, ಬುದ್ಧಿ ಇನ್ನೊಂದರಲ್ಲಿ. ಸೋಮಾರಿತನಕ್ಕೆ ಇಷ್ಟು ಚುರುಕು ಬೇಡ.

ಹೀಗೆ ಚುರುಕಾಗಿ ಆಡುವ ಮಾತುಗಳಲ್ಲಿ ಹಲವು ಅಲ್ಲಿ ಇಲ್ಲದವರ ಬಗೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಹರಟೆ ಚಾಡಿಯಾಗುವುದು ಯಾವಾಗ? ಆಡಿದ್ದನ್ನು ಎತ್ತಿಕೊಂಡು ಹೋಗಿ ಬೇರೊಬ್ಬರಿಗೆ ಮುಟ್ಟಿಸಿದಾಗ. ಅದು ಬಂದ ದಾರಿ ಮರೆತು ಸುತ್ತತೊಡಗಿದರೆ ಗಾಳಿಮಾತು. ದನಿ ತಗ್ಗಿದರೆ ಗುಸುಗುಸು. ಕನ್ನಡ ಇವನ್ನೆಲ್ಲ ಬೇರೆ ಬೇರೆ ಹೆಸರಿಟ್ಟು ದೂರ ನಿಲ್ಲಿಸಿದೆ. ಹರಟೆಗೆ ಕಾಲಹರಣದ ಆರೋಪವಿದೆಯೇ ಹೊರತು ಕೇಡಿನ ಆರೋಪವಿಲ್ಲ. ಹೊಸಗನ್ನಡದಲ್ಲಂತೂ ಲಘುವಾದ ಪ್ರಬಂಧಕ್ಕೆ ಹರಟೆ ಎಂದೇ ಹೆಸರು ಬಂತು. ಕೆಲವರು ಗಂಭೀರವಾಗಿ ಲಲಿತ ಪ್ರಬಂಧ ಎಂದರು, ಓದುಗರು ಹರಟೆಯನ್ನೂ ಬಿಡಲಿಲ್ಲ. ಬರೆದ ಹರಟೆಯಲ್ಲಿ ಎದುರಿನವರು ಬಾಯಿ ಹಾಕುವಂತಿಲ್ಲ, ಅದೊಂದೇ ಕೊರತೆ. ವೇದಿಕೆಯ ಮೇಲೆ ವಿಷಯ ಕೊಟ್ಟು, ಪರ ವಿರೋಧ ಎಂದು ಪಂಗಡ ಮಾಡಿ, ಚಪ್ಪಾಳೆಗೆ ಬಿಡುವು ಇಟ್ಟು ನಡೆಸುವುದನ್ನೂ ಈಗ ಹರಟೆ ಎನ್ನುತ್ತಾರೆ. ನಗಲು ನನ್ನ ಅಡ್ಡಿಯಿಲ್ಲ, ಆದರೆ ಅದು ಹರಟೆಯ ನಾಟಕ.

ಮೊಬೈಲಿನಲ್ಲಿ ಬೆರಳಾಡಿಸುವುದಕ್ಕೆ ನಾವು ಚಾಟ್ ಎಂಬ ಬೇರೆ ಪದವನ್ನೇ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಅಲ್ಲಿ ಉತ್ತರಕ್ಕೆ ಸೆಕೆಂಡಿನ ಐದನೆಯ ಒಂದು ಭಾಗವಲ್ಲ, ಕೆಲವೊಮ್ಮೆ ಎರಡು ದಿನ ಕಾಯಬೇಕು. ಮೊಬೈಲಿನ ನಿಜವಾದ ಅಪರಾಧ ಬೇರೆಯೇ ಇದೆ. ಒಬ್ಬ ನಟ ಯಾವ ವರ್ಷ ಹುಟ್ಟಿದ ಎಂಬ ಬಗ್ಗೆ ಹಿಂದೆ ನಾಲ್ವರು ಒಂದು ಸಂಜೆಯೆಲ್ಲ ವಾದಿಸಬಹುದಿತ್ತು. ಈಗ ಒಬ್ಬ ಮಹಾನುಭಾವ ಜೇಬಿನಿಂದ ಮೊಬೈಲ್ ತೆಗೆದು ಇಸವಿ ಓದುತ್ತಾನೆ. ಉಳಿದ ಮೂವರು ಸುಮ್ಮನಾಗುತ್ತಾರೆ. ಮಾಹಿತಿ ಬಂತು, ಹರಟೆ ಎದ್ದು ಹೋಯಿತು.

ಹರಟೆಯಲ್ಲಿ ಅತಿ ಕಷ್ಟದ ಭಾಗ ಮುಗಿಸುವುದು. ಸಭೆಗೆ ವಂದನಾರ್ಪಣೆ ಇದೆ, ಹರಟೆಗೆ ಇಲ್ಲ. "ಸರಿ ಹಾಗಾದರೆ" ಎನ್ನಬೇಕು, ಎದುರಿನವರೂ "ಸರಿ" ಎನ್ನಬೇಕು, "ಬರುತ್ತೇನೆ" ಎಂದು ಎದ್ದು, ಬಾಗಿಲವರೆಗೆ ಹೋಗಿ, ಹೊಸ್ತಿಲ ಮೇಲೆ ಮತ್ತೊಂದು ಮುಖ್ಯ ವಿಷಯ ನೆನಪಾಗಬೇಕು. ಹಾಗೆ ಹೊಸ್ತಿಲಲ್ಲಿ ಆರಂಭವಾದದ್ದು ಒಳಗಿನದಕ್ಕಿಂತ ದೀರ್ಘವಾದ ಉದಾಹರಣೆಗಳು ಎಲ್ಲರಲ್ಲೂ ಇವೆ. 2021ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಬ್ಬರಿಗೂ ಸಾಕೆನಿಸಿದ ಕ್ಷಣದಲ್ಲೇ ಮುಗಿದ ಸಂಭಾಷಣೆಗಳು ನೂರಕ್ಕೆ ಎರಡರಷ್ಟು ಮಾತ್ರ. ಮಿಕ್ಕವುಗಳಲ್ಲಿ ಒಬ್ಬರಿಗೆ ಹೆಚ್ಚಾಯಿತು, ಇಲ್ಲವೇ ಒಬ್ಬರಿಗೆ ಸಾಲಲಿಲ್ಲ. ಇಬ್ಬರೂ ಸಂಕೋಚದಿಂದ ಅದನ್ನು ಹೇಳಲಿಲ್ಲ.

ಬಾನುಲಿಯಲ್ಲಿ ಈ ಸಂಕೋಚಕ್ಕೆ ಎಡೆಯಿಲ್ಲ. ಗಾಜಿನ ಆಚೆ ಕುಳಿತ ತಾಂತ್ರಿಕ ಸಹಾಯಕರು ಬೆರಳೆತ್ತಿ ಒಂದು ನಿಮಿಷ ಎಂದು ತೋರಿಸುತ್ತಿದ್ದಾರೆ. ನಮಸ್ಕಾರ.